ಸಹರಿ ಹೊತ್ತಿನ ಭಗರ

ನಾನು ಉದಗೀರಿಗೆ ಸೊಸೆಯಾಗಿ ಬಂದದ್ದು ಪೊಲೀಸ್ ಆ್ಯಕ್ಷನ್ ಆಗಿ, ಅಂದರೆ ದಂಡು ಬಂದು ನಿಜಾಮನ ರಾಜ್ಯ ಹೋಗಿ, ಒಂದೆರಡು ವರ್ಷ ಕಳೆದ ಮೇಲೆ. ತವರು ಶಿರೂರ ಅನಂತಪಾಳ. ಹೊಲ, ಎತ್ತು, ಕಣ ಇಷ್ಟನ್ನೇ ನೋಡಿ ಬೆಳೆದವಳು. ಗಂಡನ ಮನೆಯವರದು ಮೊಂಢಾದ ಹತ್ತಿರ, ಅಂದರೆ ಕಾಳಿನ ಪೇಟೆಯ ಹತ್ತಿರ, ಒಂದು ಖಾನಾವಳಿ. ಮುಂದೆ ಖಾನಾವಳಿ, ಹಿಂದೆ ಮನೆ, ಅದರ ಹಿಂದೆ ಬೇವಿನ ಗಿಡದ ಅಂಗಳ. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಂದವರು ಉಂಡು ಹೋಗುತ್ತಿದ್ದರು, ನಾವು ರೊಟ್ಟಿ ಬಡಿಯುತ್ತಲೇ ಇರುತ್ತಿದ್ದೆವು. ಮದುವೆ ಗೊತ್ತು ಮಾಡುವಾಗ ಅಪ್ಪ, "ಖಾನಾವಳಿ ಮನಿ ಅದ, ಉಣ್ಣಾಕ ತಿನ್ನಾಕ ಕಡಿಮಿ ಇಲ್ಲ" ಅಂದಿದ್ದ. ಅದು ಖರೆ. ಕೂತು ಉಣ್ಣಲು ಪುರಸೊತ್ತು ಇರುವುದಿಲ್ಲ ಅನ್ನುವುದನ್ನು ಮಾತ್ರ ಅಂವಾ ಹೇಳಲಿಲ್ಲ.

ನಮ್ಮ ಗೋಡೆಗೆ ಹತ್ತಿಕೊಂಡೇ ಇನ್ನೊಂದು ಹೋಟೆಲು ಇತ್ತು. ಚಹಾ, ನಾನ್, ಖೀಮಾ ಸಿಗುವ ಹೋಟೆಲು. ಅದರ ಮಾಲೀಕನಿಗೆ ಪೇಟೆಯೆಲ್ಲ ಭಾಯಿ ಅನ್ನುತ್ತಿತ್ತು, ನಾವೂ ಭಾಯಿ ಅನ್ನುತ್ತಿದ್ದೆವು. ಭಾಯಿಯ ಹೆಂಡತಿ ಭಾಲ್ಕಿ ಕಡೆಯ ಹೆಣ್ಣುಮಗಳು, ಪರ ಗಂಡಸರ ಕಣ್ಣಿಗೆ ಬೀಳದೆ ಗೋಷಾದಲ್ಲಿ ಇರುವಾಕೆ. ಎರಡೂ ಮನೆಗಳ ನಡುವೆ ಒಂದೇ ಬಾವಿ. ಬಾವಿಯ ಮೇಲೆ ಹಾದು ಗೋಡೆ ಕಟ್ಟಿದ್ದರು. ಅರ್ಧ ಅವರಿಗೆ, ಅರ್ಧ ನಮಗೆ. ಗೋಡೆ ನೀರಿನ ತನಕ ಇಳಿದಿರಲಿಲ್ಲ, ಹಾಗಾಗಿ ಬಗ್ಗಿ ನೋಡಿದರೆ ಆಚೆ ಕಡೆ ನೀರು ಸೇದುವವರ ಮುಖ ಕೆಳಗೆ ಕಾಣುತ್ತಿತ್ತು. ಆಕೆಯ ಮುಖವನ್ನು ನಾನು ಮೊದಲು ನೋಡಿದ್ದು ಹಾಗೆ.

"ಯಾವ ಊರಾಕಿ ಯವ್ವಾ ನೀ?" ಎಂದು ಆಕೆ ಕೇಳಿದಳು.

ನಾನು ಅಳತೊಡಗಿದೆ. ಇಷ್ಟಕ್ಕೇ ಯಾರಾದರೂ ಅಳುತ್ತಾರೆಯೇ ಎಂದು ಈಗ ನಗು ಬರುತ್ತದೆ. ಮನೆಯಲ್ಲೂ ಕನ್ನಡವೇ ಇತ್ತು, ಆದರೆ ಅದೆಲ್ಲ ನೀರು ತಾ, ಒಲೆ ಊದು, ಸೆರಗು ಹೊದ್ದುಕೋ ಎನ್ನುವ ಕನ್ನಡ. ಪೇಟೆಗೆ ಹೋದರೆ ಮರಾಠಿ, ಇಲ್ಲವೆ ಉರ್ದು. ನನ್ನನ್ನು ಏನಾದರೂ ಕೇಳಿದ ಮೊದಲ ಮಾತು ಗೋಡೆಯಾಚೆಯಿಂದ ಬಂದಿತ್ತು. ಅವತ್ತಿನಿಂದ ಆಕೆ ನನಗೆ ಆಪಾ ಆದಳು, ಅಂದರೆ ಅಕ್ಕ. ನಾನು ಆಕೆಗೆ ತಂಗಿ.

ರಮಜಾನಿನ ವಿಷಯ ಹೇಳಬೇಕೆಂದರೆ ನಿಜಾಮನ ಕಾಲದಿಂದ ಸುರು ಮಾಡಬೇಕು. ಆಗ ಆ ತಿಂಗಳು ಹಗಲಿಡೀ ಎಲ್ಲ ಹೋಟೆಲುಗಳ ಬಾಗಿಲಿಗೂ ಪರದೆ ಬೀಳಬೇಕಿತ್ತಂತೆ. ನಮ್ಮ ಖಾನಾವಳಿಗೂ ಬೀಳುತ್ತಿತ್ತಂತೆ. ರಾತ್ರಿಯಾದರೆ ಸಹರಿಯ ತನಕ, ಅಂದರೆ ರೋಜಾ ಉಪವಾಸ ಹಿಡಿಯುವವರು ಬೆಳಕು ಹರಿಯುವ ಮುಂಚೆ ಉಣ್ಣುವ ಹೊತ್ತಿನ ತನಕ, ದೀಪಗಳು ಉರಿಯುತ್ತಿದ್ದವಂತೆ. ಆ್ಯಕ್ಷನ್ ಆದ ಮೇಲೆ ಪರದೆಯ ಬಗ್ಗೆ ಕೇಳುವವರು ಇರಲಿಲ್ಲ. ಆದರೂ ಭಾಯಿ ತನ್ನ ಹಸಿರು ಪರದೆಯನ್ನು ತಪ್ಪದೆ ಎಳೆಯುತ್ತಿದ್ದ. ನಿಲಂಗಾ ಕಡೆಯಿಂದ ಗಾಡಿ ಹೂಡಿಕೊಂಡು ಬಂದ ರೈತರು ಕಳ್ಳರ ಹಾಗೆ ಆಚೀಚೆ ನೋಡಿ ಪರದೆ ಎತ್ತಿ ಒಳಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಕದ್ದು ಕುಡಿದ ಚಹಾಕ್ಕೆ ರುಚಿ ಜಾಸ್ತಿ. ನಮ್ಮ ಮಾವನೂ ಹೋಗುತ್ತಿದ್ದರು. ಮುಸಲ್ಮಾನರ ಹೋಟೆಲಿನ ಚಹಾ ಅತ್ತೆಗೆ ಆಗುತ್ತಿರಲಿಲ್ಲ. ಮಾವ ಮೀಸೆ ಒರೆಸಿಕೊಂಡೇ ಮನೆಗೆ ಬರುತ್ತಿದ್ದರು, ಅತ್ತೆ ಆ ಒರೆಸಿದ ಮೀಸೆ ನೋಡಿಯೇ ಗುರುತು ಹಿಡಿಯುತ್ತಿದ್ದರು.

ಹಗಲಿನ ಹುಕುಂ ಹೋಯಿತು, ರಾತ್ರಿಯದು ಬಂತು. ಊಟದ ಹೊತ್ತು ಮುಗಿದ ಮೇಲೆ ಬೆಳಗಾಗುವ ತನಕ ಯಾವ ಹೋಟೆಲೂ ತೆರೆದಿರಬಾರದು ಎಂದು ಡಂಗುರ ಸಾರಿದರು. ಊರಿನಲ್ಲಿ ಇನ್ನೂ ಭಯ ಇತ್ತು. ನಾಲ್ಕು ಜನ ರಾತ್ರಿ ಒಂದೆಡೆ ಕೂತರೆ ಸರಕಾರಿ ಕಚೇರಿಯವರಿಗೆ ಸಂಶಯ. ನಮಗೇನೂ ತ್ರಾಸು ಆಗಲಿಲ್ಲ. ನಮ್ಮ ಖಾನಾವಳಿ ಹೇಗೂ ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಮುಚ್ಚುತ್ತಿತ್ತು. ಭಾಯಿಯ ಹೋಟೆಲಿಗೆ ಮಾತ್ರ ಕುತ್ತಿಗೆಗೆ ಬಂತು. ಹಗಲು ರೋಜಾ, ಪರದೆಯ ಹಿಂದೆ ನಾಲ್ಕು ಕಪ್ಪು ಚಹಾ ಅಷ್ಟೇ. ರಾತ್ರಿ ಹುಕುಂ. ಹೋಟೆಲು ನಡೆಯುವುದಾದರೂ ಹೇಗೆ?

"ಈ ರಮಜಾನ್ ಹೆಂಗರ ತಡೀತೀವಿ ತಂಗಿ," ಎಂದಳು ಆಪಾ ಬಾವಿಯ ಹತ್ತಿರ. "ಬರೂ ವರ್ಷ ಹಿಂಗೇ ಆದ್ರ ಹೈದರಾಬಾದಿಗೆ ಹೋಗ್ಬೇಕು ಅಂತ ನಿಂತಾರ ನಮ್ಮವರು. ನಮ್ಮ ಅಣ್ಣ ಕರೀಲತ್ತಾನ. ನನಗ ಒಲ್ಲೆ ಅನ್ನಸ್ತದ. ನನ್ ಮಾತು ಕೇಳೋರ್ಯಾರು?"

ಆ ಊರಿನಲ್ಲಿ ನನ್ನದು ಅಂತ ಇದ್ದದ್ದು ಆಪಾ ಒಬ್ಬಳೇ. ಗಂಡ ಒಳ್ಳೆಯವನು, ಆದರೆ ಖಾನಾವಳಿಯಲ್ಲಿ ಹುಟ್ಟಿ ಬೆಳೆದವನು. ಮಾತಾಡಿಸಿದರೆ, "ಪಲ್ಯ ಆತೇನು?" ಎಂದೇ ಕೇಳುತ್ತಿದ್ದ.

ಆ ರಮಜಾನು ಹಾಗೇ ಕಳೆಯಿತು. ಭಾಯಿಯ ಒಲೆ ಹಗಲು ಚಹಾಕ್ಕಷ್ಟೇ ಉರಿಯಿತು, ರಾತ್ರಿ ಊಟದ ಹೊತ್ತು ಮುಗಿದರೆ ಆರುತ್ತಿತ್ತು. ಅವನಿಗಿಂತ ಹೆಚ್ಚು ಕಷ್ಟಪಟ್ಟವರು ಬೇರೆಯವರೇ. ಮೊಂಢಾದಲ್ಲಿ ಚೀಲ ಹೊರುವ ಹಮಾಲರು, ಟಾಂಗಾ ಹೊಡೆಯುವವರು, ಒಲೆ ಹಚ್ಚುವ ಹೆಂಗಸರೇ ಇಲ್ಲದ ಮನೆಗಳ ಗಂಡಸರು. ಆ್ಯಕ್ಷನ್ ವರ್ಷ ಊರಲ್ಲಿ ಏನೇನಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿಲ್ಲ, ಕಂಡವರು ಬಾಯಿ ಬಿಡುತ್ತಿರಲಿಲ್ಲ. ಅಂಥ ಮನೆಗಳು ಬಹಳ ಇದ್ದವು ಎಂಬುದಷ್ಟೇ ಗೊತ್ತು. ಅವರಿಗೆಲ್ಲ ಭಾಯಿಯ ಹೋಟೆಲೇ ಅಡುಗೆಮನೆಯಾಗಿತ್ತು. ಆ ತಿಂಗಳು ಅವರು ರಾತ್ರಿಯ ತಂಗಳು ನಾನ್ ನೀರಿನಲ್ಲಿ ಅದ್ದಿ ತಿಂದು ರೋಜಾ ಹಿಡಿದರಂತೆ. ಹಗಲು ಚೀಲ ಹೊತ್ತರಂತೆ.

ಮುಂದಿನ ರಮಜಾನು ಹತ್ತಿರ ಬಂದಾಗ ನನಗೆ ರಾತ್ರಿ ನಿದ್ದೆ ಹತ್ತದಾಯಿತು. ಸೊಸೆಯಾದವಳು ಮಾವನ ಮುಂದೆ ಬಾಯಿ ಬಿಡುವ ಹಾಗಿಲ್ಲ. ಅತ್ತೆಯ ಮುಂದೆ ಬಿಡಬಹುದು, ಅದೂ ಕಾಲು ಒತ್ತುವಾಗ. ಅತ್ತೆ ವಲಾಂಡಿಯ ದೊಡ್ಡ ಮನೆತನದವರು. ಬೆಳಗಿನ ಲಿಂಗಪೂಜೆ ಆಗದೆ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಆಪಾನ ಹೆಸರು ತೆಗೆದರೆ ಕೆಲಸ ಕೆಡುತ್ತದೆ ಅಂತ ನನಗೆ ಗೊತ್ತಿತ್ತು. ಹಾಗಾಗಿ ಸುತ್ತಿ ಬಳಸಿ ಹೋದೆ.

"ಅತ್ತೀ, ಉಪವಾಸ ಹಿಡಿಯೋರು ಹಸಗೊಂಡೇ ಮಲಗಿ ಹಸಗೊಂಡೇ ಏಳ್ತಾರಂತ್ರಿ."

"ಯಾರವ್ವ ಅವರು?"

"ಮೊಂಢಾದ ಹಮಾಲರ್ರಿ. ಬೆಳಕು ಹರಿಯೂದ್ರಾಗ ಉಣಬೇಕಂತ್ರಿ, ಆಗ ಹೋಟೆಲ್ ತೆರೆಯಂಗಿಲ್ಲಂತ. ಹುಕುಂ ಅದ."

ನಾನು ಇನ್ನೊಂದು ಕಾಲು ಹಿಡಿದೆ.

"ಉಪವಾಸದವರಿಗೆ ಉಣಿಸೂದು ದಾಸೋಹ ಆಗ್ತದ," ಎಂದರು ಅತ್ತೆ ಕೊನೆಗೆ. "ದಾಸೋಹಕ್ಕ ಯಾವಂದ್ ಹುಕುಂ?"

ಮರುದಿನ ಮಾವ ರೊಟ್ಟಿ ಮುರಿಯುವ ಮುಂಚೆಯೇ ಅತ್ತೆ ಮಾತು ತೆಗೆದರು. ಮಾವ ಹೆದರಿದರು. ಕಚೇರಿಯವರಿಗಿಂತ ಅತ್ತೆಗೆ ಹೆಚ್ಚು ಹೆದರುತ್ತಿದ್ದದ್ದರಿಂದ ರುಮಾಲು ಸುತ್ತಿ ಕಚೇರಿಗೆ ಹೋದರು. ಭಾಯಿ ಮೊದಲೇ ಅರ್ಜಿ ಕೊಟ್ಟಿದ್ದ, ಅವನಿಗೆ ಆಗುವುದಿಲ್ಲ ಅಂದಿದ್ದರು. ಮಾವನಿಗೆ, "ಗದ್ದಲ ಆದ್ರ ಜವಾಬ್ದಾರಿ ಯಾರದು?" ಅಂತ ಕೇಳಿದರಂತೆ. ಮಾವ, "ನಂದ್ರೀ" ಅಂದರಂತೆ. ಈ 'ನಂದ್ರೀ' ಕಥೆಯನ್ನು ಮಾವ ಮುಂದೆ ಪ್ರತಿ ಹಬ್ಬಕ್ಕೂ ಹೇಳಿದರು, ಪ್ರತಿ ಸಲ ಎದೆ ಇನ್ನಷ್ಟು ಮುಂದೆ ಮಾಡಿ. ಏನೇ ಇರಲಿ, ರಮಜಾನು ಮುಗಿಯುವ ತನಕ ಸಹರಿ ಹೊತ್ತಿಗೆ ಖಾನಾವಳಿ ತೆರೆಯಲು ಪರವಾನಗಿ ಸಿಕ್ಕಿತು.

ಖಾನಾವಳಿ ನಮ್ಮದು, ಗಿರಾಕಿಗಳು ಭಾಯಿಯವರು. ಭಾಯಿ ತನ್ನ ಕಿಟ್ಲಿ, ಕಪ್ಪು-ಬಸಿ, ಕೂಡುವ ಬಾಂಕುಗಳನ್ನು ನಮ್ಮಲ್ಲಿಗೆ ಹೊತ್ತು ತಂದ. ಬಂದ ಗಳಿಕೆ ಇಬ್ಬರಿಗೂ ಅರ್ಧರ್ಧ. ಆದರೆ ಅಷ್ಟು ಜನಕ್ಕೆ ಅಡುಗೆ ಮಾಡಲು ನಾನೊಬ್ಬಳೇ ಸಾಲುತ್ತಿರಲಿಲ್ಲ, ಆಪಾ ಬರಲೇಬೇಕಾಯಿತು. ಆಗ ಎರಡೂ ಕಡೆಯ ಕರಾರುಗಳು ಹೊರಬಿದ್ದವು. "ಆಕಿ ಅಂಗಳದಾಗ ಒಲಿ ಹಾಕ್ಕೊಳ್ಳಿ. ಒಳಗ ಬರೂದು ಬ್ಯಾಡ, ಕಂಡ ಬ್ಯಾಡ," ಅಂತ ಅತ್ತೆ. ಕಂಡ ಅಂದರೆ ಮಾಂಸ. "ಗಂಡಸರ್ಯಾರೂ ಅಂಗಳಕ್ಕ ಕಾಲಿಡಬಾರದು," ಅಂತ ಭಾಯಿ. ಹಿತ್ತಲ ಗೋಡೆಗೆ ಒಂದು ದಿಡ್ಡಿ ಬಾಗಿಲಿತ್ತು. ಯಾವ ಕಾಲದಿಂದಲೋ ಅದಕ್ಕೆ ಅಗಳಿ ಬಿದ್ದಿತ್ತು. ನನ್ನ ಗಂಡ ಎಣ್ಣೆ ಬಿಟ್ಟು, ಕಲ್ಲಿನಿಂದ ಬಡಿದು ಅದನ್ನು ತೆರೆದ.

ಆಪಾ ಆ ಬಾಗಿಲಿನಿಂದ ಬಗ್ಗಿ ನಮ್ಮ ಅಂಗಳಕ್ಕೆ ಬಂದಳು. ಬುರಖಾ ತೆಗೆದು ಬೇವಿನ ಟೊಂಗೆಗೆ ಹಾಕಿದಳು. ನೀರಿನಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ದಡ್ಡರ ಹಾಗೆ ನಿಂತೆವು. ಆಮೇಲೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಅತ್ತೆ ಕೆಮ್ಮಿದರು.

ಮೊದಲ ಸಹರಿಯ ಫಜೀತಿ ಹೇಳಲೇಬೇಕು. ನಾನು ರೊಟ್ಟಿ ಬಡಿಯಲು ಹಿಟ್ಟು ತೆಗೆಯಲು ಹೋದರೆ, ಅತ್ತೆ ಹಿಟ್ಟಿನ ಡಬ್ಬಿಯ ಮೇಲೆ ಕೈಯಿಟ್ಟು ಕೂತಿದ್ದರು.

"ಉಪವಾಸದವರಿಗೆ ರೊಟ್ಟಿ ಹಾಕ್ತಿಯೇನು? ತಲಿ ಕೆಟ್ಟಾದೇನು ನಿಂದು?"

ಅತ್ತೆ ಆಗಲೇ ದೊಡ್ಡ ಪಾತ್ರೆ ಭಗರ ಬೇಯಿಸಿ ಮುಗಿಸಿದ್ದರು. ಭಗರ ಅಂದರೆ ಸಾವೆಯಂಥ ಸಣ್ಣ ಕಾಳು. ನಮ್ಮ ಕಡೆ ಸೋಮವಾರ, ಶಿವರಾತ್ರಿಗೆ ಅದನ್ನೇ ಅನ್ನ ಮಾಡಿ ಶೇಂಗಾದ ಆಮಟಿ ಎಂಬ ಸಾರಿನಲ್ಲಿ ಕಲಸಿ ಉಣ್ಣುತ್ತೇವೆ. ಜೋಳ, ಗೋಧಿ ಮುಟ್ಟುವುದಿಲ್ಲ. ಅತ್ತೆಗೆ ತಿಳಿದ ಉಪವಾಸ ಅದೊಂದೇ. ಸಹರಿಯಲ್ಲಿ ಏನು ಬೇಕಾದರೂ ಉಣ್ಣಬಹುದು, ದಿನವಿಡೀ ಮಾತ್ರ ಏನೂ ಇಲ್ಲ ಎಂದು ಅವರಿಗೆ ಯಾರು ಹೇಳಬೇಕು? ನಾನು ಆಪಾನ ಮುಖ ನೋಡಿದೆ. ಆಪಾ ಪಿಸುಗುಟ್ಟಿದಳು, "ಅವರು ಹಗಲಿಡೀ ಚೀಲ ಹೊರೋರು ತಂಗಿ. ಇದ್ರಾಗ ಹೆಂಗ ತಡೀತಾರ?"

ಹೊತ್ತು ಇರಲಿಲ್ಲ. ಇದ್ದದ್ದನ್ನೇ ಬಡಿಸಬೇಕಾಯಿತು. ನನ್ನ ಗಂಡ ಕಿಟಕಿಯಿಂದ ತಾಟುಗಳನ್ನು ತೆಗೆದುಕೊಂಡು ಹೋದ. ಭಗರದನ್ನ, ಶೇಂಗಾ ಆಮಟಿ, ಗಟ್ಟಿ ಮೊಸರು. ಆಚೆ ಎಲ್ಲ ಗಪ್‌ಚಿಪ್. ಆಪಾ ನನ್ನ ಕೈ ಹಿಡಿದುಕೊಂಡಿದ್ದಳು. ಈ ಜನ ಎದ್ದು ಹೋದರೆ ಎಲ್ಲ ಮುಗಿದ ಹಾಗೆ.

ಒಬ್ಬ ಮುದುಕ ಹಮಾಲನ ದನಿ ಕೇಳಿತು. "ಮಾಲಕ, ಇದೇನ್ ಅನ್ನ?"

"ನಮ್ಮವ್ವ ಸೋಮಾರ ಉಂಬೂದ್ರಿ ಚಾಚಾ," ಎಂದ ನನ್ನ ಗಂಡ.

"ಅವ್ವ ಉಂಬೂದೇನು? ಹಂಗಾದ್ರ ಹಾಕು," ಎಂದ ಮುದುಕ. ಬಿಸ್ಮಿಲ್ಲಾ ಅಂದು ಉಂಡ, ಮತ್ತೊಮ್ಮೆ ಹಾಕಿಸಿಕೊಂಡು ಉಂಡ. ಉಳಿದವರೂ ಉಂಡರು. ಮೃಗದ ಮಳೆ ಇನ್ನೂ ಸರಿಯಾಗಿ ಬಿದ್ದಿರದ ದಿನಗಳವು. ಬಿಸಿಲು ಸುಡುತ್ತಿತ್ತು. ಮರುದಿನ ಬಂದವನೇ ಆ ಮುದುಕ, "ನಿನ್ನಿ ನೀರಡಿಕಿ ಕಡಿಮಿ ಆತು. ಇವತ್ತೂ ಅದೇ ಹಾಕ್ರಿ," ಎಂದ. ಅತ್ತೆ ಅಡುಗೆಮನೆಯಲ್ಲಿ ಕೂತೇ ಅದನ್ನು ಕೇಳಿದರು. ಅವರ ಮುಖ ನೋಡಬೇಕಿತ್ತು ನೀವು.

ಆಮೇಲೆ ನಾನೇ ಸಮಾಧಾನದಿಂದ ಹೇಳಿದೆ, ಸಹರಿಯಲ್ಲಿ ರೊಟ್ಟಿಯೂ ನಡೆಯುತ್ತದೆ ಅಂತ. "ಹಂಗಾದ್ರ ಅದೆಂಥಾ ಉಪವಾಸ?" ಎಂದು ಮೂಗು ಮುರಿದರು. ಹಗಲು ನೀರನ್ನೂ ಮುಟ್ಟುವುದಿಲ್ಲ ಎಂದಾಗ ಮಾತ್ರ ಗಾಬರಿಯಾದರು. "ನೀರೂ ಇಲ್ಲ?" ಎಂದು ಎರಡು ಸಲ ಕೇಳಿದರು. ಅತ್ತೆಯ ಸೋಮವಾರದ ಉಪವಾಸದಲ್ಲಿ ಹಾಲು, ಶೇಂಗಾ ಉಂಡಿ, ಬಾಳೆಹಣ್ಣು, ಮಧ್ಯಾಹ್ನಕ್ಕೊಂದು ಸಣ್ಣ ನಿದ್ದೆ ಎಲ್ಲ ಇರುತ್ತಿತ್ತು. ಆ ಸೋಮವಾರ ಎರಡನೆಯ ಸಲ ಭಗರ ಹಾಕಿಸಿಕೊಳ್ಳಲಿಲ್ಲ. ನಾನು ನಗಲಿಲ್ಲ, ಒಳಗೆ ಹೋಗಿ ನಕ್ಕೆ. ಅವತ್ತಿನಿಂದ ರೊಟ್ಟಿಯೂ ಇತ್ತು, ಭಗರವೂ ಇತ್ತು.

ಹೈದರಾಬಾದಿನ ಮಾತು ನಿಂತಿತು. ಭಾಯಿ ಊರಲ್ಲೇ ಉಳಿದ.

ಆ ವರ್ಷಗಳ ಬೆಳಗುಗಳನ್ನು ಹೇಗೆ ಹೇಳಲಿ? ವರ್ಷದ ಹನ್ನೊಂದು ತಿಂಗಳು ನಾನು ಕಾಯುತ್ತಿದ್ದದ್ದು ಆ ಒಂದು ತಿಂಗಳಿಗೆ. ಹಿಂದಿನ ದಿನವೇ ಅಂಗಳ ಸಾರಿಸಿ ಇಡುತ್ತಿದ್ದೆ. ಆಪಾ ಬಗ್ಗಿ ಬಂದಳೆಂದರೆ ಇಡೀ ಮೈಗೆ ಜೀವ ಬಂದಂತಾಗುತ್ತಿತ್ತು. ನಾನು ಆಕೆಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದೆ. ಆಕೆಯ ರೊಟ್ಟಿ ಕೊನೆಯ ತನಕ ಉದಗೀರ ಕೋಟೆಯ ಗೋಡೆಯಷ್ಟೇ ದಪ್ಪ. ಆಕೆ ನನಗೆ ಚಹಾ ಕುದಿಸುವುದನ್ನು ಕಲಿಸಿದಳು. ಅದನ್ನು ಸರಿಯಾಗಿ ಕಲಿತೆ. ಹಿಟ್ಟಿನ ಕೈಯಲ್ಲೇ ತವರಿನ ಮಾತು, ಮಕ್ಕಳಾಗದ ಮಾತು, ಆದ ಮಕ್ಕಳು ಉಳಿಯದ ಮಾತು ಎಲ್ಲ ಆಡುತ್ತಿದ್ದೆವು. ನನ್ನ ಗಂಡನಿಗೂ ಗೊತ್ತಿಲ್ಲದ ಸಂಗತಿಗಳು ಆಪಾಗೆ ಗೊತ್ತಿದ್ದವು.

ಅಜಾನ್ ಆಗುತ್ತಿದ್ದಂತೆ ಗಂಡಸರು ಮಸೀದಿಗೆ ಹೋಗುತ್ತಿದ್ದರು. ಒಳಗೆ ಅತ್ತೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂಡುತ್ತಿದ್ದರು. ಹೊರಗೆ ಬೇವಿನ ಬುಡದಲ್ಲಿ ಆಪಾ ಚಾಪೆ ಹಾಸಿ ನಮಾಜಿಗೆ ನಿಲ್ಲುತ್ತಿದ್ದಳು. ಇಬ್ಬರ ದೇವರಿಗೂ ಸೇರಿಸಿ ಪಾತ್ರೆ ತಿಕ್ಕುತ್ತಿದ್ದವಳು ನಾನೊಬ್ಬಳೇ.

ಮೊದಲ ವರ್ಷ ಅತ್ತೆ ಆಪಾನ ಜೊತೆ ನೇರ ಮಾತಾಡಲಿಲ್ಲ. ಎದುರಿಗೇ ಇದ್ದರೂ, "ಆಕಿಗಿ ಹೇಳು, ಉಪ್ಪು ಕಡಿಮಿ ಹಾಕಂತ" ಎಂದು ನನಗೆ ಹೇಳುತ್ತಿದ್ದರು. ಎರಡನೆಯ ವರ್ಷ ಒಂದು ಬೆಳಗು ಮೃಗದ ಮಳೆ ಧೋ ಎಂದು ಹುಯ್ಯಿತು. ಅಂಗಳದ ಒಲೆ ಆರಿತು. ಆಪಾ ಅನ್ನದ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದಳು. ಒಳಗೆ ಬರಬಾರದೆಂಬ ಕರಾರು ಇತ್ತಲ್ಲ. ಅತ್ತೆ ಹೊಸ್ತಿಲಿಗೆ ಬಂದು ನೋಡಿದರು.

"ಅಲ್ಲೇ ನಿಂತು ನೆನೀತಿಯೇನು ಹುಚ್ಚಿ? ಒಳಗ ಬಾ!"

ಆಪಾ ಒಳಗೆ ಬಂದಳು. ಅತ್ತೆ ಒಣ ಸೀರೆ ಎಸೆದರು. ಆ ಮೇಲೆ ಬೈಗುಳ ನೇರವಾಗಿಯೇ ಸಿಗತೊಡಗಿತು, ನನಗೆ ಎಷ್ಟೋ ಆಕೆಗೂ ಅಷ್ಟೇ. ನಮ್ಮ ಮನೆಯಲ್ಲಿ ಬೈಸಿಕೊಂಡವರೇ ಮನೆಯವರು.

ರಮಜಾನು ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ. ಮೃಗದ ಮಳೆಯಿಂದ ಮಾವಿನ ಕಾಲಕ್ಕೆ ಬಂತು, ಅಲ್ಲಿಂದ ಯುಗಾದಿಗೆ. ಅಷ್ಟರಲ್ಲಿ ರಾಜ್ಯಗಳೇ ಬದಲಾದವು. ಹೈದರಾಬಾದು ಒಡೆಯಿತು. ನಾವು ಮುಂಬೈ ರಾಜ್ಯದವರಾದೆವು, ಆಪಾನ ತವರು ಮೈಸೂರಿಗೆ ಹೋಯಿತು. "ಅವ್ವನ ಮನಿಗಿ ಹೋಗ್ಬೇಕಂದ್ರ ಈಗ ಬ್ಯಾರೆ ರಾಜ್ಯ ನೋಡು," ಎಂದು ಆಪಾ ನಗುತ್ತಿದ್ದಳು. ಕಚೇರಿಗೆ ಹೊಸ ಸಾಹೇಬರು ಬಂದರು. ಊರಿನ ಭಯ ಕಡಿಮೆಯಾಗಿತ್ತು. ರಮಜಾನಿನಲ್ಲಿ ಯಾವ ಹೋಟೆಲಾದರೂ ರಾತ್ರಿಯಿಡೀ ತೆರೆಯಬಹುದು ಎಂದರು.

ಭಾಯಿ ಪೇಢೆ ತಂದು ಹಂಚಿದ. ಮಾವನ ಕಾಲಿಗೆ ಬೀಳಲು ಬಂದ, ಮಾವ ಎಬ್ಬಿಸಿ ಅಪ್ಪಿಕೊಂಡರು. "ನಿಮ್ಮ ಉಪಕಾರ ಸಾಯೂತನ ಮರಿಯಂಗಿಲ್ಲ," ಎಂದ. "ಇನ್ ಮ್ಯಾಲ ನಮ್ಮ ಮನಿ ಹೆಣ್ಮಕ್ಳು ಇನ್ನೊಬ್ಬರ ಅಂಗಳದಾಗ ಒಲಿ ಊದೂದು ತಪ್ಪಿತು." ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಷ್ಟು ವರ್ಷ ಅವನಿಗೆ ಅದು ಎಷ್ಟು ಚುಚ್ಚಿರಬೇಕು ಎಂದು ನನಗೆ ಆಗ ತಿಳಿಯಿತು. ಅಡುಗೆಗೆ ಹೈದರಾಬಾದಿನಿಂದ ಒಬ್ಬ ಬಾವರ್ಚಿಯನ್ನು ಕರೆಸಿದ. ನೀರು ಸೇದಲು ಒಬ್ಬ ಆಳನ್ನು ಇಟ್ಟ. ಪರ ಗಂಡಸು ಬಾವಿಯ ಹತ್ತಿರ ನಿಂತಿದ್ದರೆ ಗೋಷಾದ ಹೆಂಗಸು ಬರುವ ಹಾಗಿಲ್ಲ. ಬಾವಿಯೂ ಹೋಯಿತು.

ಆಪಾ ಊರು ಬಿಡಲಿಲ್ಲ. ನಾನು ಬೇಡಿಕೊಂಡದ್ದು ಅದನ್ನೇ ಅಲ್ಲವೇ? ಸಾಯುವ ತನಕ ಆ ಗೋಡೆಯ ಆಚೆಗೇ ಇದ್ದಳು. ಈದಿನ ದಿನ ಶಾವಿಗೆಯ ಶುರಕುರ್ಮಾ ಬರುತ್ತಿತ್ತು, ಯುಗಾದಿಗೆ ಹೋಳಿಗೆ ಹೋಗುತ್ತಿತ್ತು. ಕೊಂಡೊಯ್ಯುವವರು ಬೇರೆ ಯಾರೋ.

ಆ ವರ್ಷದ ಮೊದಲ ಸಹರಿಗೆ ರೂಢಿಯ ಹಾಗೆ ನನಗೆ ಎಚ್ಚರವಾಯಿತು. ಮಲಗಿರಲಾಗದೆ ಎದ್ದು ಅಂಗಳಕ್ಕೆ ಬಂದರೆ ಅತ್ತೆ ಆಗಲೇ ಅಲ್ಲಿದ್ದರು. ಕಂದೀಲು ಹಚ್ಚಿಕೊಂಡು, ಮೊರದಲ್ಲಿ ಭಗರ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದರು. ಗೋಡೆಯಾಚೆ ಕಪ್ಪು-ಬಸಿಯ ಸಪ್ಪಳ, ಹಮಾಲರ ಮಾತು, ನಗು, ಹೊಸ ಬಾವರ್ಚಿಯ ಕೂಗು.

"ಆಕಿ ಯಾಕ ಇನ್ನಾ ಬಂದಿಲ್ಲ?" ಎಂದರು ಅತ್ತೆ.

"ಆಕಿ ಬರೂದಿಲ್ರಿ ಅತ್ತೀ. ಅವರಿಗೇ ಪರವಾನಗಿ ಆಗ್ಯಾದಲ್ರಿ."

"ಪರವಾನಗಿ ಆಗಿದ್ದು ಹೋಟೆಲಿಗಿ. ಆಕಿಗಿ ನಮ್ಮ ಮನಿಗಿ ಬರ್ಲಾಕ ಯಾರ ಪರವಾನಗಿ ಬೇಕು?"

ಆಕೆಗೆ ಗಂಡನದು ಬೇಕು, ನನಗೆ ನಿಮ್ಮದು ಬೇಕಾಗಿತ್ತು ಎನ್ನಲೇ? ಅವರ ಪಕ್ಕದಲ್ಲಿ ಕೂತು ನಾನೂ ಕಲ್ಲು ಆರಿಸತೊಡಗಿದೆ. ಯಾರಿಗಾಗಿ ಆರಿಸುತ್ತಿದ್ದೇವೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಅತ್ತೆ ತಮಗೆ ತಾವೇ ಎಂಬಂತೆ, "ಹಂಗಾದ್ರ ಮೊದಲಿನ ಹುಕುಮೇ ಛಲೋ ಇತ್ತಲ್ಲ," ಎಂದರು.

"ಹೂಂ ರೀ," ಎಂದೆ. ಆಚೆ ಜನ ಹೊಟ್ಟೆ ತುಂಬ ಉಣ್ಣುತ್ತಿದ್ದರು, ಹೆದರಿಕೆಯಿಲ್ಲದೆ ನಗುತ್ತಿದ್ದರು. ಅವರಿಗೆ ಒಳ್ಳೆಯದೇ ಆಗಿತ್ತು, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಆ ಹಾಳು ಹುಕುಂ ಇನ್ನೊಂದು ಸಲ ಬರಲಿ ಎಂದು ನನ್ನ ಮನಸ್ಸು ಬೇಡಿತು. ಈಗಲೂ ಬೇಡುತ್ತದೆ.